ಅಜವಾನದ ಎಣ್ಣೆಗಾಗಿ ತಾಂಡೂರಿನವರೆಗೆ

ಜಹೀರಾಬಾದಿನಲ್ಲಿ ಬೆಳಗಿನ ಮೋಟಾರು ಹತ್ತಿದಾಗ ನನಗೆ ಒಂದೇ ಹಟವಿತ್ತು: ಈ ಸಲ ಯಾರಿಂದಲೂ ಮೋಸ ಹೋಗಬಾರದು. ಹೆಂಡತಿ ಶಿವಮ್ಮನ ಕರುಳಬೇನೆ ವರ್ಷವಾದರೂ ಹಿಡಿತಕ್ಕೆ ಬಂದಿರಲಿಲ್ಲ. ಹೊಟ್ಟೆ ಹಿಂಡುತ್ತಿತ್ತು, ರಕ್ತ ಬೀಳುತ್ತಿತ್ತು, ಮೈಯಲ್ಲಿ ಎಲುಬಷ್ಟೇ ಉಳಿದಿತ್ತು. ಅಜವಾನವನ್ನು ಭಟ್ಟಿ ಇಳಿಸಿದ ಎಣ್ಣೆಯನ್ನು ಮಜ್ಜಿಗೆಯಲ್ಲಿ ಒಂದೊಂದು ಹನಿ ಕೊಟ್ಟರೆ ಗುಣ ಕಂಡೀತೆಂದು ಹಕೀಮರು ಹೇಳಿದ್ದರು. ಕಂಡೀತು ಎಂದರೇ ಹೊರತು ಕಾಣುತ್ತದೆ ಎನ್ನಲಿಲ್ಲ. ಅದನ್ನೂ ನಾನು ಗಮನಿಸಿದ್ದೆ.

ನಾರಾಯಣಖೇಡದ ದಾರಿ ಪೂರಾ ಧೂಳು. ಬಾಡಿಗೆ ಎಂಟಾಣೆ, ಸೊಂಟಕ್ಕೆ ಬಿದ್ದ ಪೆಟ್ಟು ಬಿಟ್ಟಿ. ಅಲ್ಲಿನ ಭಟ್ಟಿಯವನು ತೆಲುಗಿನ ಮುದುಕ. ತಾಮ್ರದ ಹಂಡೆಯ ಪಕ್ಕದಲ್ಲಿಟ್ಟಿದ್ದ ಶೀಸೆಯ ಬಿರಡೆ ತೆಗೆದ ಕೂಡಲೇ ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ಘಾಟು ಇರಬೇಕಾದರೆ ಇನ್ನೇನೋ ಬೆರೆಸಿರಬೇಕು ಎನ್ನಿಸಿತು. ಒಳ್ಳೆಯ ಎಣ್ಣೆಯೇ ಎಂದು ಸಂತೆಯಲ್ಲಿ ಕಲಿತ ನನ್ನ ತೆಲುಗಿನಲ್ಲಿ ಕೇಳಿದೆ: "ಇದಿ ಮಂಚಿ ನೂನೆನಾ?"

"ಮಂಚಿ ನೂನೆ ಕಾದಯ್ಯಾ," ಅಲ್ಲವೆಂದು ಅವನು ತಲೆಯಾಡಿಸಿದ.

ಅವನೇ ಬಾಯಿಬಿಟ್ಟ ಮೇಲೆ ಇನ್ನೇನು ಕೇಳುವುದು? ಶೀಸೆ ಅಲ್ಲೇ ಇಟ್ಟು ಎದ್ದುಬಂದೆ.

ಜಹೀರಾಬಾದಿಗೆ ಮರಳಿ ರೈಲು ಹಿಡಿದೆ. ವಿಕಾರಾಬಾದಿನಲ್ಲಿ ಗಾಡಿ ಬದಲಿಸುವಾಗ ಬುತ್ತಿಯ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದೆ. ತಾಂಡೂರಿನ ಹಾಸುಗಲ್ಲಿನ ಬೀದಿ ಬಿಸಿಲಿಗೆ ಕಾದು ಅಂಗಾಲು ಸುಡುತ್ತಿತ್ತು. ಅತ್ತರಿನ ಅಂಗಡಿಯವನೂ ಅದೇ ಘಾಟಿನ ಎಣ್ಣೆ ತೋರಿಸಿದ. ನಾನೂ ಅದೇ ಪ್ರಶ್ನೆ ಕೇಳಿದೆ. ಅವನು ನಕ್ಕು, ಮಂಚಿ ನೂನೆ ಬೇಕಾದರೆ ಗಾಣಕ್ಕೆ ಹೋಗು ಎಂದು ಬೀದಿಯ ತುದಿಗೆ ಕೈ ತೋರಿಸಿದ. ನನ್ನನ್ನು ಹಳ್ಳಿಗುಗ್ಗು ಅಂದುಕೊಂಡನೆಂದು ಮೈಯೆಲ್ಲ ಉರಿಯಿತು. ಬರಿಗೈಲಿ ಬಂದರೂ, ಮೋಸ ಹೋಗಲಿಲ್ಲವೆಂಬ ಸಮಾಧಾನದಿಂದ ರೈಲಿನಲ್ಲಿ ಚೆನ್ನಾಗಿ ನಿದ್ದೆ ಮಾಡಿದೆ.

ಶಿವಮ್ಮ ಬಾಗಿಲಲ್ಲೇ ಕೂತಿದ್ದಳು. "ತಂದ್ರೇನ್ರಿ?"

"ಎರಡೂ ಕಡಿ ಖೊಟ್ಟಿ ಮಾಲು. ಮಂಚಿ ನೂನೆ ಅಲ್ಲಂತ ಅವರೇ ಒಪ್ಕೊಂಡ್ರು," ಎಂದೆ ಜಂಬದಿಂದ.

ಅವಳ ತವರು ತಾಂಡೂರಿನ ಕಡೆಯ ಪೆದ್ದೆಮುಲ್. ತೆಲುಗು ಅವಳಿಗೆ ಮನೆಯ ಮಾತು. 

"ತೆಲುಗಿನ್ಯಾಗ ಮಂಚಿ ನೂನೆ ಅಂದ್ರ ಎಳ್ಳೆಣ್ಣಿರಿ. ಅಜವಾನದ ಎಣ್ಣಿ ಹಿಡ್ಕೊಂಡು ಇದು ಎಳ್ಳೆಣ್ಣಿ ಏನು ಅಂತ ಕೇಳಿದ್ರ, ಅವರು ಮತ್ತೇನು ಅನ್ಬೇಕು?"

ಅವಳು ನಕ್ಕಾಳು, ಇಲ್ಲವೆ ಬೈದಾಳು ಎಂದು ಕಾದೆ. ಎರಡೂ ಇಲ್ಲ. ಹೊಟ್ಟೆ ಒತ್ತಿ ಹಿಡಿದು ಎದ್ದಳು, ನೀರಿನ ತಂಬಿಗೆ ತೆಗೆದುಕೊಂಡು, ಗೋಡೆ ಹಿಡಿಯುತ್ತ ಹಿತ್ತಲಿಗೆ ಹೋದಳು.