ನರ್ಗೀಸ ಬಿಟ್ಟುಕೊಡದ ಎರಡೂವರೆ ಸೆಕೆಂಡು

ನರ್ಗೀಸಳಿಗೆ ಕೆಲಸ ಕಲಿಸಿದವನು ನಾನೇ ಎಂದು ಇಳಕಲ್‌ನಲ್ಲಿ ಹಲವರು ತಿಳಿದಿದ್ದಾರೆ. ಶುದ್ಧ ಸುಳ್ಳು. ಅವಳು ಹತ್ತೊಂಬತ್ತನೆಯ ವಯಸ್ಸಿಗೆ ನನ್ನ ಸ್ಟುಡಿಯೋಕ್ಕೆ ಕೆಲಸ ಕೇಳಿಕೊಂಡು ಬಂದಾಗ, "ಇದು ಹೆಣ್ಮಕ್ಕಳಿಗೆ ಆಗೂ ಕೆಲಸ ಅಲ್ಲವ್ವಾ, ಮನಿಗೆ ಹೋಗು" ಎಂದು ಕಳಿಸಲು ನೋಡಿದವನೇ ಈ ನಾಗಲಿಂಗ. ಅವಳು ಹೋಗಲಿಲ್ಲ. ಗಿರಾಕಿಗಳ ಕುರ್ಚಿಯಲ್ಲಿ ಕೂತು, "ಮದಿವ್ಯಾಗ ಹೆಣ್ಮಕ್ಕಳ ಖೋಲಿಯೊಳಗ ನೀವು ಕ್ಯಾಮೆರಾ ಒಯ್ತೀರೇನ್ರಿ ಕಾಕಾ?" ಎಂದು ಕೇಳಿದಳು. ಇಪ್ಪತ್ತು ವರ್ಷ ಆ ಖೋಲಿಗಳ ಬಾಗಿಲ ಹೊರಗೆ ನಿಂತು ಕಾಲು ಸೋತವನು ನಾನು. ಮರುದಿನವೇ ಬಾ ಎಂದೆ.

ಎರಡು ವರ್ಷ ಕಳೆದು ನಾನು ಹೊಸ ಕ್ಯಾಮೆರಾ ಕೊಂಡೆ. ಹಳೆಯದು, ಕ್ಯಾಸೆಟ್ ಹಾಕುವ ಎಚ್‌ಡಿ ಕ್ಯಾಮೆರಾ, ಅವಳ ಪಾಲಿಗೆ ಬಂತು. ಬೇರೆಯವರಾದರೆ ಕೂಡಲಸಂಗಮಕ್ಕೆ ಹೋಗಿ ಹೊಳೆ ತೆಗೆಯುತ್ತಿದ್ದರು, ಸೂರ್ಯ ಮುಳುಗುವುದನ್ನು ತೆಗೆಯುತ್ತಿದ್ದರು. ಇವಳು ಮನೆಯ ಕುಣಿಮಗ್ಗದ ಮುಂದೆ ಕೂತು ತಾಯಿ ಗುಲಾಬಬಿಯ ಕೈಗಳನ್ನು ತೆಗೆದಳು. ಬರೀ ಕೈ. ಕ್ಯಾಸೆಟ್ ಹಾಳು ಮಾಡುತ್ತಾಳೆಂದು ನಾನು ಬೈದದ್ದೂ ಉಂಟು.

ಇಳಕಲ್ ಸೀರೆಗೆ ಮೈಯ ಹಾಸು, ಅಂದರೆ ಉದ್ದುದ್ದದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಮೈಯ ಒಂದೊಂದು ಎಳೆಗೆ ಸೆರಗಿನ ಒಂದೊಂದು ಎಳೆಯನ್ನು ಕುಣಿಕೆ ಹಾಕಿ ಸಿಕ್ಕಿಸಬೇಕು. ಒಂದು ತಪ್ಪಿದರೂ ಸೀರೆ ಬಿಚ್ಚಿ ಹಿಡಿದಾಗ ಸೆರಗಿನಲ್ಲಿ ಸೀಳು ಕಾಣುತ್ತದೆ. ಆ ಜೋಡಣೆಯಲ್ಲಿ ಗುಲಾಬಬಿಯ ಸಮಕ್ಕೆ ನಿಲ್ಲುವವರು ನಮ್ಮ ಓಣಿಯಲ್ಲಿ ಇರಲಿಲ್ಲ. ಐದು ವರ್ಷದ ಹಿಂದೆ ಆಕೆಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಆ ಕೈ ಈಗ ಕೆಲಸ ಮಾಡುವುದು ನರ್ಗೀಸಳ ಕ್ಯಾಸೆಟ್ಟಿನಲ್ಲಿ ಮಾತ್ರ.

ಹೋದ ವರ್ಷ ಬೆಂಗಳೂರಿನಿಂದ ಸಿನಿಮಾದವರು ಬಂದರು. ನೇಕಾರ ಹೆಂಗಸೊಬ್ಬಳ ಕತೆಯಂತೆ. ಅವರ ಸಂಕಲನಕಾರ ಪ್ರಬುದ್ಧ ನರ್ಗೀಸಳ ಕ್ಯಾಸೆಟ್ ನೋಡಿ ಮೆಚ್ಚಿದ. ಮೆಚ್ಚಿ ತಲೆ ಅಲ್ಲಾಡಿಸಿದ. ಸಿನಿಮಾ ಓಡುವುದು ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ. ಈ ಕ್ಯಾಮೆರಾ ಹಿಡಿದಿರುವುದು ಇಪ್ಪತ್ತೈದು, ಅದೂ ಒಂದೊಂದನ್ನು ಎರಡು ಅರ್ಧ ಮಾಡಿ.

"ಇದು ನಮ್ಮದಕ್ಕೆ ಕೂಡೋದಿಲ್ಲ ಮೇಡಂ. ನಟಿಯನ್ನೇ ನಿಮ್ಮ ಮಗ್ಗದಲ್ಲಿ ಕೂರಿಸಿ ಕೈಯ ಶಾಟ್ ತಗೋತೀವಿ. ಸೋಮವಾರದೊಳಗೆ ನೀವೇ ಇಪ್ಪತ್ನಾಲ್ಕಕ್ಕೆ ಇಳಿಸಿ ಒಂದು ನಿಮಿಷ ಕೊಟ್ಟರೆ ನೋಡೋಣ."

ಅವನು ಹೋದ ಮೇಲೆ ನರ್ಗೀಸ ನನ್ನ ಟೇಬಲ್ ಗುದ್ದಿದಳು. "ನಮ್ಮವ್ವ ಜೀವಂತ ಇರೂಮುಂದ ಅಕೀ ಮಗ್ಗದಾಗ ಇನ್ನೊಬ್ಬಾಕಿ ಕುಂತು ನೇಯ್ದಾಂಗ ಮಾಡ್ತಾಳಂತ! ನಾ ಕೂಡ್ರಗೊಡಾಂಗಿಲ್ರಿ ಕಾಕಾ. ಸಿನಿಮಾ ಬೇಕಂದ್ರ ನಮ್ಮವ್ವನ ಕೈನ ತೋರಸಬೇಕು."

ಕೆಲಸಕ್ಕೆ ಕೂತಳು. ಒಂದೊಂದು ಚಿತ್ರವನ್ನು ಎರಡು ಅರ್ಧದಲ್ಲಿ ಹಿಡಿದಿದ್ದರಿಂದ, ಚಿತ್ರ ನಿಲ್ಲಿಸಿದರೆ ಓಡುವ ಬೆರಳಿನ ಅಂಚು ಬಾಚಣಿಕೆಯ ಹಲ್ಲಿನಂತೆ ಕಾಣುತ್ತಿತ್ತು. ಅದನ್ನು ಕೂಡಿಸಿ ನೆಟ್ಟಗೆ ಮಾಡಲಿಕ್ಕೇ ಎರಡು ದಿನ ಹಿಡಿಯಿತು. ಮೂರನೆಯ ದಿನ ಬೇವೂರಿನಲ್ಲಿ ಮದುವೆಯ ಕೆಲಸವಿತ್ತು, ಹೋದಳು. ಹೋಗುವಾಗ, "ಇದನ್ನ ಮುಟ್ಟಬ್ಯಾಡ್ರಿ" ಎಂದು ಹೇಳಿಯೇ ಹೋದಳು.

ನಾನು ಮುಟ್ಟಿದೆ. ಇಪ್ಪತ್ತೈದು ಇಪ್ಪತ್ನಾಲ್ಕಾಗಬೇಕು, ಸೆಕೆಂಡಿಗೊಂದು ಚಿತ್ರ ಒಗೆದರೆ ಮುಗಿಯಿತು. ಇದಕ್ಕೆ ಇವಳು ಇಷ್ಟೊಂದು ಒದ್ದಾಡುವುದೇಕೆ? ಒಂದು ಗುಂಡಿ ಒತ್ತಿದೆ, ಆಯಿತು. ಲೆಕ್ಕ ಸರಿ, ಒಂದು ನಿಮಿಷಕ್ಕೆ ಒಂದೇ ನಿಮಿಷ. ಹಿಗ್ಗಿನಿಂದ ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಹೋಗಿ ಗುಲಾಬಬಿ ಮಲಗುವ ಹೊರಸಿನ ಮೇಲಿಟ್ಟೆ.

ಆಕೆ ನೋಡುತ್ತ ನೋಡುತ್ತ ಎಡಗೈಯಿಂದ ಹೊರಸಿನ ಪಟ್ಟಿಗೆ ಬಡಿಯತೊಡಗಿದಳು, ಒಂದು ಕುಣಿಕೆಗೆ ಒಂದು ಪೆಟ್ಟು. ಸ್ವಲ್ಪ ಹೊತ್ತಿಗೆ ಆ ಕೈ ತಡವರಿಸಿತು. ಮತ್ತೆ ಹಿಡಿದಳು, ಮತ್ತೆ ತಡವರಿಸಿತು.

"ತಮ್ಮಾ, ಇಕಿ ಎಳಿ ಬಿಟ್ಟಾಳ."

"ಇಕಿ ಯಾರಬೇ ಅಕ್ಕಾ? ನೀನ ಅಲ್ಲೇನು!"

"ನಾ ಅಲ್ಲ. ನಾ ಎಂದೂ ಎಳಿ ಬಿಟ್ಟಾಕಿ ಅಲ್ಲ."

ನನಗೆ ಸಿಟ್ಟು ಬಂತು. ಸೆಕೆಂಡಿನ ಇಪ್ಪತ್ತೈದನೆಯ ಪಾಲು ಯಾರ ಕಣ್ಣಿಗೆ ಕಾಣುತ್ತದೆ ಎಂದು ವಾದಿಸಿದೆ. ಆಕೆ ವಾದಕ್ಕೆ ಇಳಿಯಲಿಲ್ಲ. ಪರದೆಯ ಮೇಲೆ ಬೆರಳಿಟ್ಟು, "ಇಲ್ಲಿ ಬಿಟ್ಟಾಳ, ಇಲ್ಲಿ ಮತ್ತ ಬಿಟ್ಟಾಳ" ಎಂದು ತೋರಿಸಿದಳು. ಹಿಂದಕ್ಕೆ ಓಡಿಸಿ ನೋಡಿದೆ. ನಾನು ಚಿತ್ರ ಕಿತ್ತ ಜಾಗಗಳೇ ಅವು. ಲ್ಯಾಪ್‌ಟಾಪ್ ಮುಚ್ಚಿ ಚಹಾ ಕುಡಿದೆ.

ಸಂಜೆ ನರ್ಗೀಸ ಬಂದವಳು ನನ್ನನ್ನು ತರಾಟೆಗೆ ತೆಗೆದುಕೊಂಡಳು. "ಅರವತ್ತು ಚಿತ್ರ ಒಗದೀರಲ್ರೀ ಕಾಕಾ! ಅವ್ವನ ಕೈಯೊಳಗಿನ ಎಳಿ ಕಿತ್ತೀರಲ್ಲ!" ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವಳು. ಬೈಸಿಕೊಂಡೆ, ತಪ್ಪು ನನ್ನದಿತ್ತು.

ಅವಳ ದಾರಿ ಬೇರೆಯೇ ಇತ್ತು. ಒಂದು ನಿಮಿಷದ ಸಾವಿರದೈನೂರು ಚಿತ್ರಗಳಲ್ಲಿ ಒಂದನ್ನೂ ಬಿಡದೆ, ಅವನ್ನೇ ಸೆಕೆಂಡಿಗೆ ಇಪ್ಪತ್ನಾಲ್ಕರಂತೆ ಓಡಿಸಿದಳು. ನಿಮಿಷ ಹಿಗ್ಗಿ ಅರವತ್ತೆರಡೂವರೆ ಸೆಕೆಂಡಾಯಿತು. ಓಟ ನಿಧಾನವಾಗಿ ಬಳೆಯ ಸದ್ದು ನೆಗಡಿಯಾದ ಗಂಟಲಿನಂತೆ ಕೇಳಿತು. ಆ ಸದ್ದನ್ನು ಮತ್ತೆ ಮೇಲೆತ್ತಿ ಗಾಜಿನ ಬಳೆಯ ಸದ್ದೇ ಮಾಡಿದಳು. ಗುಲಾಬಬಿ ಮತ್ತೆ ಹೊರಸಿನ ಪಟ್ಟಿ ಬಡಿದಳು. ಕೊನೆಯವರೆಗೂ ಕೈ ತಡವರಿಸಲಿಲ್ಲ.

"ಚೂರು ಸಾವಕಾಶ ಆಗೇತಿ," ಎಂದಳು. "ಆಗಲಿ. ನೋಡಾವ್ರಿಗೆ ಛಲೋ ಕಾಣ್ತೈತಿ. ಎಳಿ ಮಾತ್ರ ಒಂದೂ ಬಿಟ್ಟಿಲ್ಲ. ಈಗ ಇದು ನನ್ನ ಕೈ."

ಸೋಮವಾರ ಪ್ರಬುದ್ಧನ ಫೋನ್ ಬಂತು. ನಾವು ಮೂವರೂ ಅವರ ಮನೆಯಲ್ಲಿದ್ದೆವು, ನರ್ಗೀಸ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು. ಚಿತ್ರ ಬಹಳ ಚೆನ್ನಾಗಿ ಬಂದಿದೆ, ಆದರೆ ಆ ಜಾಗದ ಹಾಡು ಅರವತ್ತು ಸೆಕೆಂಡಿಗೇ ಮುಗಿಯುತ್ತದೆ, ಕೊನೆಯ ಎರಡೂವರೆ ಸೆಕೆಂಡು ಕತ್ತರಿಸುತ್ತೇವೆ ಎಂದ.

"ಕತ್ತರಿಸಾಂಗಿಲ್ರಿ," ಎಂದಳು ನರ್ಗೀಸ. "ಹಾಡು ಉದ್ದ ಮಾಡ್ರಿ."

"ಮೇಡಂ, ಎರಡೂವರೆ ಸೆಕೆಂಡು ಏನು ಮಹಾ? ನೀವು ಒಪ್ಪದಿದ್ದರೆ ನಟಿಯನ್ನೇ ಕೂರಿಸಬೇಕಾಗುತ್ತೆ."

"ಯಾವ ಮಗ್ಗದಾಗ ಕೂಡ್ರಸ್ತೀರಿ? ನಮ್ಮದರಾಗ ಅಂತೂ ಅಲ್ಲ."

ಒಪ್ಪಿಕೋ, ಇಷ್ಟು ಬಂದದ್ದೇ ದೊಡ್ಡದು ಎಂದು ನಾನು ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಅಷ್ಟರಲ್ಲಿ ಗುಲಾಬಬಿ ಎಡಗೈ ಚಾಚಿ ಫೋನ್ ಇಸಿದುಕೊಂಡಳು.

"ಏನ್ರಿ ಸಾಹೇಬ್ರ, ಅಷ್ಟರಾಗ ಎಷ್ಟ ಕುಣಿಕಿ ಬೀಳ್ತಾವು, ಎಣಸೀರೇನು?"

"ಇಲ್ಲಮ್ಮ."

"ಮೊದಲ ಎಣಸ್ರಿ. ಯಾವುದು ಬ್ಯಾಡ ಅಂತ ನನಗ ಹೇಳ್ರಿ. ಆ ಮ್ಯಾಲ ಕತ್ತರಿ ಹಚ್ಚೀರಂತ." ಫೋನ್ ಇಟ್ಟುಬಿಟ್ಟಳು. ಎಲ್ಲ ಕೆಟ್ಟಿತು ಎಂದುಕೊಂಡು ನಾನು ಮನೆಗೆ ಹೋದೆ.

ಮರುದಿನ ಮುಂಜಾನೆ ನಾನು ಅವರ ಮನೆಯಲ್ಲಿದ್ದಾಗಲೇ ಅವನು ಮತ್ತೆ ಫೋನ್ ಮಾಡಿದ. ದನಿ ಇಳಿದಿತ್ತು.

"ಎಣಿಸಿದೆ ಅಮ್ಮ. ಐದು. ಯಾವುದನ್ನ ಬಿಡೋದು ಅಂತ ನನಗೆ ಗೊತ್ತಾಗಲಿಲ್ಲ. ಹಾಡಿನವರಿಗೇ ಹೇಳಿದೀನಿ, ಉದ್ದ ಮಾಡ್ತಾರೆ."

"ಮತ್ತ ನಿಮ್ಮ ನಟಿ?" ನರ್ಗೀಸ ಇನ್ನೂ ಬಿಗಿದುಕೊಂಡೇ ಕೇಳಿದಳು.

"ಅವರು ಮಗ್ಗದಲ್ಲಿ ಕೂರಲ್ಲ. ಸೀರೆ ಉಟ್ಕೊಂಡು ಬರ್ತಾರೆ, ಅಷ್ಟೇ."

ಗುಲಾಬಬಿ ಮಲಗಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಉಡಲಿ," ಎಂದಳು. "ಅದಕ್ಕ ಅಲ್ಲೇನು ನಾ ನೇಯ್ದಿದ್ದು."