ಮುನಿರಾಮಯ್ಯನ ಗಾಡಿಯ ಕಿಲುಬು

ಹೆಗ್ಗನಹಳ್ಳಿಯಲ್ಲಿ ಭರಮಪ್ಪನ ಕಾರು ವೈರಿಂಗ್ ಅಂಗಡಿಗೆ ಬೋರ್ಡಿಲ್ಲ. ಪಕ್ಕದಲ್ಲಿ ಹೆಂಡತಿ ದುರ್ಗವ್ವ ರೊಟ್ಟಿ ಬಡಿಯುವ ಸದ್ದೇ ಅದರ ಗುರುತು. ರೋಣದ ಕಡೆ ಟ್ರ್ಯಾಕ್ಟರುಗಳ ವೈರಿಂಗ್ ಮಾಡುತ್ತ ಕೆಲಸ ಕಲಿತು, ಬೆಂಗಳೂರಿಗೆ ಬಂದು ಕಾರುಗಳಿಗೆ ಕೈ ಹಾಕಿದವನು. ಸೋಮವಾರ ಒಪ್ಪೊತ್ತು, ಮಾತು ಕಡಿಮೆ. ಸಿಟ್ಟೇ ಬಾರದ ಮನುಷ್ಯನೆಂದು ಬೀದಿಯವರೆಲ್ಲ ಅಂದುಕೊಂಡಿದ್ದರು. ಬೂದಿ ಮುಚ್ಚಿದ ಕೆಂಡ ದುರ್ಗವ್ವನಿಗೆ ಮಾತ್ರ ಗೊತ್ತಿತ್ತು.

ಮೊದಲು ಅವನು ದುಡಿಯುತ್ತಿದ್ದದ್ದು ಸುಂಕದಕಟ್ಟೆಯಲ್ಲಿ, ಮುನಿರಾಮಯ್ಯನ ಗ್ಯಾರೇಜಿನಲ್ಲಿ. ಒಂದು ವರ್ಷ ಆಯುಧಪೂಜೆಯ ಹಿಂದಿನ ವಾರ, ಅವನು ರಿಪೇರಿ ಮಾಡಿದ ಗಾಡಿಯೊಂದು ದಾರಿಯಲ್ಲಿ ನಿಂತುಹೋಯಿತು. ತಪ್ಪು ಹಳೆಯ ಬ್ಯಾಟರಿಯದು. ಅದನ್ನು ಹೇಳಲು ಹೋದರೆ ಮುನಿರಾಮಯ್ಯ ಕೇಳಿಸಿಕೊಳ್ಳಲೇ ಇಲ್ಲ. ಪೂಜೆಯ ದಿನ ಬಾಳೆ ಎಲೆಯ ಮೇಲೆ ಎಲ್ಲರ ಸಾಮಾನು ಜೋಡಿಸಿ ಕುಂಕುಮ ಇಡುವಾಗ, ಭರಮಪ್ಪನ ಸ್ಕ್ರೂಡ್ರೈವರು, ಪಕ್ಕಡ್, ಟೆಸ್ಟ್ ಲ್ಯಾಂಪುಗಳನ್ನು ಕಾಲಿನಿಂದಲೇ ಆಚೆ ತಳ್ಳಿದ.

"ಇವನ ಕೈ ಸೋಕಿದ ಗಾಡಿ ಉದ್ಧಾರ ಆಗಲ್ಲ ಕಣ್ರೋ. ಇವು ಪೂಜೆಗೆ ಬೇಡ."

ಜೊತೆಯವರು ನಕ್ಕರು. ಭರಮಪ್ಪ ಬಗ್ಗಿ ಒಂದೊಂದನ್ನೇ ಆಯ್ದು ಕಣ್ಣಿಗೊತ್ತಿಕೊಂಡು, ಚೀಲಕ್ಕೆ ಹಾಕಿ ಹೊರಟುಬಿಟ್ಟ. ಅಂದಿನಿಂದ ದೇವರ ಮುಂದೆ ಕೂತಾಗಲೆಲ್ಲ ಅವನು ಕೇಳಿಕೊಂಡದ್ದು ಒಂದೇ: ಆ ಮನುಷ್ಯನನ್ನು ನನ್ನ ಬಾಗಿಲಿಗೆ ತಾ.

ಈ ಶ್ರಾವಣದಲ್ಲಿ ಬಂದ. ತನ್ನ ಹಳೆಯ ಬಿಳಿ ಕಾರನ್ನು ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದ. ಹಿಂದಿನ ಸೀಟಿನಲ್ಲಿ ಮಗಳು ಚೇತನಾ, ಪೂಜೆಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಏನಪ್ಪಾ ಭರಮಪ್ಪ, ಚೆನ್ನಾಗಿದೀಯಾ? ಸ್ಟಾರ್ಟೇ ಆಗ್ತಿಲ್ಲ, ಲೈಟಿಲ್ಲ, ವೈಪರ್ ಇಲ್ಲ. ನಮ್ ಹುಡುಗ್ರು ಫ್ಯೂಸ್ ಹಾಕ್ತಾನೇ ಅವ್ರೆ, ಅದು ಹೋಗ್ತಾನೇ ಐತೆ. ಹಳೇ ಗಾಡಿ ಅವ್ರಿಗೆ ಗೊತ್ತಾಗಲ್ಲ. ಇವತ್ತು ಮಾದಪ್ಪನ ಬೆಟ್ಟಕ್ಕೆ ಹೊರಟಿದೀವಿ, ಇದೇ ಗಾಡೀಲಿ ಬರ್ತೀನಿ ಅಂತ ಹರಕೆ. ನೀನೇ ನೋಡ್ಬೇಕು."

ರೊಟ್ಟಿ ತಟ್ಟುತ್ತಿದ್ದ ದುರ್ಗವ್ವ ತಲೆ ಎತ್ತದೆ ಗಂಡನಿಗಷ್ಟೇ ಕೇಳುವಂತೆ ಅಂದಳು: "ಬಂತಲ್ರೀ ನಿಮ್ಮ ಹಬ್ಬ."

ಭರಮಪ್ಪ ಬ್ಯಾಟರಿಯ ವೈರು ಬಿಚ್ಚಿ ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದ. ಒಳಗೆಲ್ಲ ಹಸಿರು ಕಿಲುಬು. ಫ್ಯೂಸು ಕೂರುವ ಪಿನ್ನುಗಳ ಸಂದಿಯಲ್ಲಿ ಕುಂಕುಮ ಹೆಪ್ಪುಗಟ್ಟಿತ್ತು. ವರ್ಷವರ್ಷವೂ ಪೂಜೆಯಲ್ಲಿ ಬಾನೆಟ್ ಎತ್ತಿ ಮುನಿರಾಮಯ್ಯ ಧಾರಾಳವಾಗಿ ಹೊಯ್ದ ತೆಂಗಿನಕಾಯಿ ನೀರೆಲ್ಲ ಇಲ್ಲಿಗೇ ಇಳಿದಿತ್ತು. ತನ್ನ ಸಾಮಾನನ್ನು ಒದ್ದ ದಿನದ ನೀರೂ ಇದರಲ್ಲಿದೆ ಎಂದುಕೊಂಡಾಗ ಭರಮಪ್ಪನ ಮೈ ಜುಮ್ಮೆಂದಿತು. ದೇವರು ಮರೆತಿರಲಿಲ್ಲ.

ಮೇಲೆ ಮೇಲೆ ಕೆರೆದು, ಒಳಗಿನ ಕಿಲುಬಿನ ಮೇಲೆ ವ್ಯಾಸಲಿನ್ ಬಳಿದರೆ ಸಾಕು. ಈಗ ಲೈಟು ಉರಿಯುತ್ತದೆ, ಬೆಟ್ಟದ ತಿರುವಿನಲ್ಲಿ ಆರುತ್ತದೆ. ಯಾರಿಗೂ ಗೊತ್ತಾಗದು. ಉಪ್ಪುಕಾಗದ ಹಿಡಿದ ಅವನ ಬೆರಳು ಅಲ್ಲೇ ನಿಂತಿತು.

ಆರಿದರೆ ಏನಂತಾರೆ? ಭರಮಪ್ಪನ ಕೈ ಸೋಕಿದ ಗಾಡಿ ಉದ್ಧಾರ ಆಗಲ್ಲ, ಅಂತಾರೆ. ವೈರಿಯ ಮಾತನ್ನು ತಾನೇ ನಿಜ ಮಾಡಿಕೊಟ್ಟ ಹಾಗೆ! ಆ ಹುಡುಗಿಯೂ ಅದೇ ಗಾಡಿಯಲ್ಲಿರುತ್ತಾಳೆ. ಥೂ, ಇದೆಂಥ ಸೇಡು.

ಉಪ್ಪುಕಾಗದವನ್ನು ಕಡ್ಡಿಗೆ ಸುತ್ತಿ ಪಿನ್ನಿನ ಒಳಗಿಳಿಸಿ ಉಜ್ಜಿದ. ಸ್ಪ್ರೇ ಹೊಡೆದು, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಗಾಳಿ ಹಿಡಿದು ಒಣಗಿಸಿದ. ಸೇಡು ತೀರಿಸುವವನು ಹಲ್ಲು ಕಚ್ಚಿಕೊಂಡು ಉಜ್ಜಿದರೆ ಕಿಲುಬು ಎಲ್ಲಿ ನಿಲ್ಲುತ್ತದೆ? ಹಿತ್ತಾಳೆ ಹೊಳೆಯಿತು. ಫ್ಯೂಸುಗಳನ್ನು ಒಂದೊಂದಾಗಿ ಕೂರಿಸಿ, ವೈರನ್ನು ಮತ್ತೆ ಬಿಗಿದ. ಹೆಡ್‌ಲೈಟಿನ ಫ್ಯೂಸೊಂದನ್ನು ಮಾತ್ರ ಮುಷ್ಟಿಯಲ್ಲೇ ಉಳಿಸಿಕೊಂಡ. ಸ್ಕ್ರೂಡ್ರೈವರು, ಪಕ್ಕಡ್, ಟೆಸ್ಟ್ ಲ್ಯಾಂಪನ್ನು ಮುನಿರಾಮಯ್ಯನ ಕಾಲ ಬಳಿ ಇಟ್ಟ.

"ಇವಕ್ಕ ನಿಮ್ಮ ಕಾಲು ತಾಗಿತ್ತು. ಮುಟ್ಟಿ ಕಣ್ಣಿಗೆ ಒತ್ಗೋರಿ, ಮಾಲಕರ."

"ಯಾವಾಗ?" ಎಂದ ಮುನಿರಾಮಯ್ಯ. ಮರುಕ್ಷಣವೇ ಮುಖ ಕೆಂಪಾಯಿತು. "ಲೇ, ನಿನ್ ಸ್ಕ್ರೂಡ್ರೈವರ್‌ಗೆ ನಾನು ಕೈ ಮುಗೀಬೇಕೇನೋ? ದುಡ್ಡು ಕೇಳು, ಕೊಡ್ತೀನಿ."

"ದುಡ್ಡು ಬ್ಯಾಡ್ರಿ." ಭರಮಪ್ಪ ಮುಷ್ಟಿ ಬಿಚ್ಚಿ ಫ್ಯೂಸು ತೋರಿಸಿದ.

"ಅಪ್ಪಾ, ಏನದು? ಏನ್ಮಾಡಿದ್ರಿ ನೀವು?" ಚೇತನಾ ಗಾಡಿಯಿಂದ ಇಳಿದಳು.

ಮುನಿರಾಮಯ್ಯ ಮಗಳನ್ನು ನೋಡಿದ, ಬುಟ್ಟಿಯನ್ನು ನೋಡಿದ. ರೊಟ್ಟಿಗೆ ಕಾದಿದ್ದ ಡೆಲಿವರಿ ಹುಡುಗರು ಇತ್ತಲೇ ನೋಡುತ್ತಿದ್ದರು. ಮುನಿರಾಮಯ್ಯ ಮಂಡಿ ಹಿಡಿದುಕೊಂಡು ಬಗ್ಗಿದ. ಗ್ರೀಸ್ ಮೆತ್ತಿದ ಸ್ಕ್ರೂಡ್ರೈವರನ್ನು ಕಣ್ಣಿಗೊತ್ತಿಕೊಂಡ. ಪಕ್ಕಡ್. ಟೆಸ್ಟ್ ಲ್ಯಾಂಪ್. ಹಣೆಯ ವಿಭೂತಿಯ ಮೇಲೆ ಕಪ್ಪು ಗೆರೆ ಬಿತ್ತು.

ಭರಮಪ್ಪ ಫ್ಯೂಸು ಕೂರಿಸಿದ. ಎದುರಿನ ಗೋಡೆಯ ಮೇಲೆ ಎರಡೂ ಲೈಟು ಬಿಳುಪಾಗಿ ಬಿದ್ದವು. ಮುನಿರಾಮಯ್ಯ ಮಗಳನ್ನು ಹತ್ತಿಸಿ, ಗಾಡಿ ತಿರುಗಿಸಿಕೊಂಡು ಹೋದ.

ದುರ್ಗವ್ವ ಗಂಡನ ಮುಂದೆ ಬಿಸಿ ರೊಟ್ಟಿ ಇಟ್ಟಳು. "ಸಮಾಧಾನ ಆತೇನ್ರಿ?"

ಭರಮಪ್ಪ ರೊಟ್ಟಿ ಮುರಿಯುತ್ತ ಯೋಚಿಸಿದ.

"ಇಲ್ಲ. ಇನ್ನೊಂದ್ ಸಲ ಒತ್ತಿಸ್ಬೇಕಿತ್ತು."