ಕಿವಿಗೆ ಹಾಕಿದ ಕುರ್ಚಿ

ಸೋಸಲೆಯ ಚಿಕ್ಕಮಾದುವಿಗೆ ದೇವರು ಹೊಲ ಕೊಡುವಾಗ ಕೈ ಬಿಗಿ ಹಿಡಿದ, ಕಿವಿ ಕೊಡುವಾಗ ಧಾರಾಳವಾದ ಎಂದು ಊರಿನವರು ತಮಾಷೆ ಮಾಡುತ್ತಿದ್ದರು. ತಮಾಷೆಯಲ್ಲಿ ಸುಳ್ಳೇನೂ ಇರಲಿಲ್ಲ. ನಾಲೆ ಪಕ್ಕದ ಒಂದೂವರೆ ಎಕರೆ ಬಿಟ್ಟರೆ ಅವನಿಗೆ ಆಸ್ತಿ ಅಂತ ಇದ್ದದ್ದು ಆ ಎರಡು ಕಿವಿಗಳೇ. ಮೂವತ್ತು ವರ್ಷ ಅವರಿವರ ಟ್ರ್ಯಾಕ್ಟರ್ ಓಡಿಸಿ ಓಡಿಸಿ ಇಂಜಿನ್ನಿನ ಭಾಷೆ ಕಲಿತಿದ್ದ. ಟಿ. ನರಸೀಪುರ, ನಂಜನಗೂಡು ಎರಡೂ ತಾಲ್ಲೂಕಿನಲ್ಲಿ ಯಾರು ಹಳೇ ಟ್ರ್ಯಾಕ್ಟರ್ ಕೊಳ್ಳಬೇಕಾದರೂ ಮೊದಲು ಅವನನ್ನು ಕರೆಸುವುದು ವಾಡಿಕೆಯಾಗಿತ್ತು.

ಅವನು ಬಂದು ಬಣ್ಣ ನೋಡುತ್ತಿರಲಿಲ್ಲ, ಟೈರು ಒದೆಯುತ್ತಿರಲಿಲ್ಲ. "ಬಣ್ಣ ನೋಡಿ ಟ್ರ್ಯಾಕ್ಟರ್ ತಗಳೋನೂ ಸೀರೆ ನೋಡಿ ಹೆಣ್ ತರೋನೂ ಇಬ್ರೂ ಒಂದೇ" ಅನ್ನುತ್ತಿದ್ದ. ಗಾಡಿ ಸ್ಟಾರ್ಟ್ ಮಾಡಿಸಿ, ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ಅದರ ತುದಿಯನ್ನು ಇಂಜಿನ್ನಿನ ಮೇಲೆ ಇಟ್ಟು, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ಇಂಜಿನ್ ಆಯಿತು, ಗೇರ್ ಬಾಕ್ಸ್ ಆಯಿತು, ಹಿಂದಿನ ಚಕ್ರದ ಅಚ್ಚು ಕೂರುವ ಹೌಸಿಂಗ್ ಆಯಿತು. ಆಮೇಲೆ ಒಂದೇ ಮಾತು. ತಗೊಳ್ಳಿ, ಇಲ್ಲವೇ ಬೇಡ. ಇದಕ್ಕೆ ಯಾರ ಕಾಸನ್ನೂ ಮುಟ್ಟಿದವನಲ್ಲ. ಕಿವಿಗೆ ಕೂಲಿ ತಗೊಂಡರೆ ಅದು ಕೆಡುತ್ತದೆ ಎಂದು ನಂಬಿದ್ದ.

ಕಾಸಿನ ಬದಲು ಅವನಿಗೆ ಸಿಗುತ್ತಿದ್ದದ್ದು ಒಂದು ಕುರ್ಚಿ. ಅವನಪ್ಪ ಇವೇ ಮನೆಗಳ ಅಂಗಳದಲ್ಲಿ ಕೈಕಟ್ಟಿ ನಿಂತು, ಮೇಲಿಂದ ಸುರಿದ ನೀರನ್ನು ಬೊಗಸೆಯಲ್ಲಿ ಕುಡಿದವನು. ಮಗನನ್ನು ಅದೇ ಮನೆಗಳವರು ಬೈಕು ಕಳಿಸಿ ಕರೆಸಿಕೊಂಡು, ಜಗಲಿಯ ಮೇಲೆ ಕುರ್ಚಿ ಹಾಕಿ, ಕಾಫಿ ಲೋಟ ಕೈಗೆ ಕೊಟ್ಟು, "ಏನಂತದೆ ಮಾದಣ್ಣ ಗಾಡಿ?" ಎಂದು ಕೇಳುತ್ತಿದ್ದರು. ಇದರಿಂದ ಜಾತಿ ಹೋಯಿತು ಅಂತಲ್ಲ. ಅದು ಎಲ್ಲಿಗೆ ಹೋಗುತ್ತದೆ? ಆದರೆ ಅವನು ಕುರ್ಚಿಯಲ್ಲಿ ಕೂತಿರುವಷ್ಟು ಹೊತ್ತು ಅದು ಅಂಗಳದಲ್ಲೇ ನಿಂತಿರುತ್ತಿತ್ತು. ಐವತ್ತೆಂಟು ವರ್ಷದ ಚಿಕ್ಕಮಾದುವಿಗೆ ಅಷ್ಟು ಸಾಕಾಗಿತ್ತು.

ಹೋದ ವರ್ಷ ಒಂದು ಮಧ್ಯಾಹ್ನ ಹೆಂಡತಿ ಮರಿತಾಯಮ್ಮ ಒಲೆಯ ಮೇಲೆ ಬೇಳೆಯ ಕುಕ್ಕರ್ ಇಟ್ಟು, "ದಿವ್ಯನಪ್ಪ, ಮೂರ್ ಸಲ ಕೂಗುದ್ ಮ್ಯಾಲೆ ಆರ್ಸು" ಎಂದು ಹೇಳಿ ನೀರಿಗೆ ಹೋದಳು. ಚಿಕ್ಕಮಾದು ಅಡುಗೆಮನೆಯ ಬಾಗಿಲಲ್ಲೇ ಕೂತು ಹಗ್ಗ ಹೊಸೆಯುತ್ತಿದ್ದ. ಕುಕ್ಕರ್ ಕೂಗುವುದನ್ನೇ ಕಾಯುತ್ತಿದ್ದ. ಹೆಂಡತಿ ಓಡಿಬಂದು ಅವನನ್ನು ದಾಟಿ ಒಲೆ ಆರಿಸಿದಾಗಲೇ ಸೀದ ವಾಸನೆ ಅವನ ಮೂಗಿಗೆ ಬಡಿದದ್ದು. "ಬೀದಿಗೆಲ್ಲ ಕೇಳ್ತಾ ಅದೆ, ನಿಂಗೆ ಗ್ಯಾನ ಎಲ್ಲದೆ?" ಎಂದು ಅವಳು ಬೈದಳು. ಅವನು ಗ್ಯಾನ ಎಲ್ಲೋ ಇತ್ತು ಎಂದು ಒಪ್ಪಿಕೊಂಡ.

ಗ್ಯಾನ ಅಲ್ಲೇ ಇತ್ತು. ಹೋಗಿದ್ದದ್ದು ಕಿವಿ. ಆಮೇಲೆ ಅವನು ಕಳ್ಳನ ಹಾಗೆ ತನ್ನನ್ನೇ ಪರೀಕ್ಷೆ ಮಾಡಿಕೊಂಡ. ಗಂಡಸರ ದಪ್ಪ ದನಿ ಕೇಳುತ್ತಿತ್ತು, ಬಸ್ಸಿನ ಸದ್ದು ಕೇಳುತ್ತಿತ್ತು. ಸೈಕಲ್ ಬೆಲ್ಲು, ಗುಬ್ಬಿ, ಮಗಳ ಮಾತಿನ ಕೊನೆ ಇವು ಯಾವುವೂ ಇರಲಿಲ್ಲ. ತೆಳುವಾದದ್ದೆಲ್ಲ ಹೊರಟುಹೋಗಿ ದಪ್ಪದ್ದು ಮಾತ್ರ ಉಳಿದಿತ್ತು. ಟ್ರ್ಯಾಕ್ಟರ್ ಕೊಟ್ಟ ವಿದ್ಯೆಯನ್ನು ಟ್ರ್ಯಾಕ್ಟರಿನ ಗದ್ದಲವೇ ತಿಂದುಹಾಕಿತ್ತು. ಇಂಜಿನ್ ಢಗಢಗ ಎನ್ನುವುದನ್ನು ಕೇಳಲು ಚಿಕ್ಕಮಾದು ಯಾಕೆ ಬೇಕು? ಸವೆದ ಬೇರಿಂಗ್ ಗದ್ದಲದ ಒಳಗೆ ಸೂಜಿಯಷ್ಟು ಸಣ್ಣಗೆ ಕೀರುತ್ತದಲ್ಲ, ಅದನ್ನು ಕೇಳುವುದಕ್ಕೇ ಅವನು ಬೇಕಾಗಿದ್ದದ್ದು.

ಅದು ಹೊಳೆದ ಕ್ಷಣವೇ ಸೋಮನಾಥಪುರದ ಹುಚ್ಚಯ್ಯನ ನೆನಪು ಬಂತು. ಹುಚ್ಚಯ್ಯ ಒಂದು ಜೊತೆ ಎತ್ತು ಮಾರಿ ಹಳೇ ಟ್ರ್ಯಾಕ್ಟರ್ ಕೊಂಡಿದ್ದ, ಚಿಕ್ಕಮಾದು ಕೇಳಿ ನೋಡಿ "ತಗ" ಅಂದ ಮೇಲೆಯೇ. ಎರಡು ತಿಂಗಳು ತುಂಬುವ ಮೊದಲು, ನಾಟಿಯ ಹೊತ್ತಿಗೆ ಸರಿಯಾಗಿ, ಗೇರ್ ಬಾಕ್ಸಿನ ಬೇರಿಂಗ್ ಒಡೆದು ಒಳಗಿನ ಹಲ್ಲೆಲ್ಲ ಪುಡಿಯಾಯಿತು. ರಿಪೇರಿಗೆ ಕಾಸಿಲ್ಲದೆ ಗಾಡಿ ಗುಜರಿಗೆ ಹೋಯಿತು. ಎತ್ತೂ ಇಲ್ಲ, ಟ್ರ್ಯಾಕ್ಟರೂ ಇಲ್ಲದ ಹುಚ್ಚಯ್ಯ ಮತ್ತೆ ಕೂಲಿಗೆ ಹೋಗತೊಡಗಿದ. "ನನ್ ಅಣೆಬರ ಕಣಣ್ಣ. ನೀ ಕೇಳಿದ್ ದಿವ್ಸ ಅದು ಸರಿಯಾಗೇ ಇತ್ತು" ಅಂದಿದ್ದ. ಚಿಕ್ಕಮಾದುವೂ ಹಾಗೆಯೇ ನಂಬಿದ್ದ. ಕುಕ್ಕರ್ ಸೀದ ಮೇಲೆ ನಂಬಲು ಆಗಲಿಲ್ಲ. ಆದರೂ ಯಾರಿಗೂ ಹೇಳಲಿಲ್ಲ. ಹೇಳಿದರೆ ಕುರ್ಚಿ ಹೋಗುತ್ತದೆ. ಇದು ದೊಡ್ಡ ಗುಣವಲ್ಲ, ಆದರೆ ಆ ಕುರ್ಚಿಯಲ್ಲಿ ಒಮ್ಮೆಯೂ ಕೂರದೆ ಸತ್ತವನ ಮಗ ಅವನು ಅನ್ನುವುದನ್ನೂ ಮರೆಯಬಾರದು.

ಇಂಥ ಹೊತ್ತಿನಲ್ಲಿ ಅವನ ಮನೆಗೇ ಟ್ರ್ಯಾಕ್ಟರ್ ತರುವ ಕಾಲ ಬಂತು. ಮಗಳು ದಿವ್ಯ ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಸಂಬಳಕ್ಕಿದ್ದಳು. ಅಪ್ಪ ಬೇರೆಯವರ ಸೀಟಿನಲ್ಲಿ ಕೂತದ್ದು ಸಾಕು ಎಂದು ಅವಳ ಹಟ. ಬಾಳೆ ಸಾಲಿನ ನಡುವೆ ನುಗ್ಗುವ ಸಣ್ಣ ಟ್ರ್ಯಾಕ್ಟರ್ ಆದರೆ ಬಾಡಿಗೆಗೆ ಬರವಿಲ್ಲ ಎಂದು ಅಪ್ಪನ ಲೆಕ್ಕ. ಅಲ್ಲಿಯವರೆಗೆ ಇಬ್ಬರೂ ಒಂದೇ. ಅಲ್ಲಿಂದ ಆಚೆ ಜಗಳ.

"ಹೊಸದೇ ತಗಳಾಣ ಅಪ್ಪ. ಕೆಟ್ರೆ ಕಂಪ್ನಿಯೋರೇ ಬಂದು ಮಾಡ್ಕೊಡ್ತಾರೆ" ಅಂದಳು ದಿವ್ಯ. ಚಿಕ್ಕಮಾದು ಅವಳ ತುಟಿ ನೋಡಿ ಅರ್ಧ, ಊಹೆಯಿಂದ ಅರ್ಧ ತಿಳಿದುಕೊಂಡ.

"ಒಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗುದ್ನಂತೆ" ಅಂದ. "ಮೊದಲ್ನೇ ವರ್ಷ ಬತ್ತಾರೆ. ಆಮೇಲೆ ಫೋನೇ ಎತ್ತಾಕಿಲ್ಲ. ಅಳೇದು ಆದ್ರೆ ಏನ್ ಅದೆ ಏನಿಲ್ಲ ಮೊದಲೇ ಗೊತ್ತಾಯ್ತದೆ."

ಬಾಯಿ ಹಳೇ ಅಭ್ಯಾಸದಲ್ಲಿ ಆಡಿಬಿಟ್ಟಿತ್ತು. ಮೂವತ್ತು ವರ್ಷ ಎಲ್ಲರಿಗೂ ಇದನ್ನೇ ಹೇಳಿದವನು ಈಗ ಹೊಸದು ಎಂದರೆ ಯಾಕೆ ಎಂದು ಕೇಳುತ್ತಾರೆ. ಸುತ್ತೂರಿನ ಕಡೆ ಬೆಟ್ಟಸ್ವಾಮಿ ಎಂಬ ಬಾಳೆ ಬೆಳೆಗಾರರು ಮಂಡಿನೋವಿಗೆ ತೋಟವನ್ನು ಗುತ್ತಿಗೆಗೆ ಕೊಟ್ಟು, ತಮ್ಮ ಸಣ್ಣ ಟ್ರ್ಯಾಕ್ಟರ್ ಮಾರುತ್ತಿದ್ದಾರೆ ಎಂಬ ಸುದ್ದಿಯೂ ಅದೇ ವಾರ ಬಂತು. ಕೊನೆಗೆ ದಿವ್ಯಳೇ ಸೋತು, "ಆಯ್ತು, ಓಗಿ ಕೇಳಿ ನೋಡು. ನಿನ್ ಕಿವಿ ಒಪ್ಪುದ್ರೆ ಅದೇ ಇರ್ಲಿ" ಅಂದಳು. ಚಿಕ್ಕಮಾದುವಿಗೆ ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದ ಹಾಗಾಯಿತು.

ಭಾನುವಾರ ಬೆಳಿಗ್ಗೆ ಹೊರಟರು. ಹುಚ್ಚಯ್ಯನೂ ಜೊತೆಗೆ ಬಂದ. ಯಾಕೆ ಎಂದರೆ "ಸುಮ್ನೆ, ನೋಡ್ಕಂಡ್ ಬರ್ತೀನಿ" ಅಂದ. ಬೆಟ್ಟಸ್ವಾಮಿಯವರು ಮಂಡಿ ಹಿಡಿದುಕೊಂಡೇ ಎದ್ದು ಬಂದು, ಜಗಲಿಯ ಮೇಲೆ ಕುರ್ಚಿ ಹಾಕಿಸಿದರು. ನೊಸಲಿನ ವಿಭೂತಿ ಇನ್ನೂ ಆರಿರಲಿಲ್ಲ.

"ಆರು ವರ್ಷ ನಾನೊಬ್ನೇ ಓಡ್ಸಿರೋದು ಮಾದಣ್ಣ. ಮಗೂನ ನೋಡ್ಕಂಡಂಗೆ ನೋಡ್ಕಂಡಿವ್ನಿ. ಆದ್ರೂ ನನ್ ಮಾತು ಬ್ಯಾಡ. ನಿನ್ ಕಿವಿ ಏನಂತದೋ ಅದೇ ಆಗ್ಲಿ" ಅಂದರು.

ಗಾಡಿ ಸ್ಟಾರ್ಟ್ ಆಯಿತು. ಅಕ್ಕಪಕ್ಕದ ನಾಲ್ಕು ಜನ ಬಂದು ನಿಂತರು. ಚಿಕ್ಕಮಾದು ಸ್ಕ್ರೂಡ್ರೈವರ್ ಇಟ್ಟು ಕಣ್ಣು ಮುಚ್ಚಿದ. ಮೂಳೆಗೆ ಅದುರು ಬಂತು, ಢಗಢಗ ಬಂತು, ಅದರಾಚೆ ಏನೂ ಬರಲಿಲ್ಲ. ಗೇರ್ ಬಾಕ್ಸಿಗೆ ಹೋದ. ಅಲ್ಲೂ ಅಷ್ಟೇ. ಒಳಗೆ ಬೇರಿಂಗ್ ಕೀರುತ್ತಿರಬಹುದು, ಇಲ್ಲದೆಯೂ ಇರಬಹುದು. ಗೋಡೆಗೆ ಕಿವಿ ಕೊಟ್ಟರೂ ಇದಕ್ಕಿಂತ ಹೆಚ್ಚು ತಿಳಿಯುತ್ತಿತ್ತು. ಕಣ್ಣು ತೆರೆದಾಗ ಎದುರಿಗೆ ಹುಚ್ಚಯ್ಯನ ಮುಖ ಕಂಡಿತು. ಅವನು ಬಾಯಿ ತೆರೆದುಕೊಂಡು, ಚಿಕ್ಕಮಾದುವಿನ ಕೈಯನ್ನೇ ನೋಡುತ್ತಿದ್ದ.

ಸರಿ ಎಂದರೆ ಮಗಳ ಗಾಡಿಯೂ ಹುಚ್ಚಯ್ಯನ ಗಾಡಿಯ ಹಾಗೆ ಆದೀತು. ನನಗೆ ಕೇಳಿಸುತ್ತಿಲ್ಲ ಎಂದರೆ ಜಗಲಿಯ ಮೇಲೆ ಕುರ್ಚಿ ಇದೆ, ನಾಲ್ಕು ಜನ ಇದ್ದಾರೆ. ಅವನು ಮೂರನೆಯದನ್ನು ಹೇಳಿದ.

"ಬ್ಯಾಡ ಅನುಸ್ತದೆ ಬೆಟ್ಟಸ್ವಾಮಣ್ಣೋರೆ. ಒಳಗೆ ಸದ್ದದೆ."

"ಏನ್ ಸದ್ದು?"

"ಬೇರಿಂಗು."

ಬೆಟ್ಟಸ್ವಾಮಿಯವರು ವಾದ ಮಾಡಲಿಲ್ಲ. ಟ್ರ್ಯಾಕ್ಟರಿನ ಕಡೆ ಒಂದು ಸಲ ನೋಡಿ, ಕೈ ಚಾಚಿ ಆಫ್ ಮಾಡಿದರು. "ನಂಗೆ ಗೊತ್ತೇ ಆಗ್ನಿಲ್ವಲ್ಲ" ಎಂದಷ್ಟೇ ಅಂದರು. ಆಮೇಲೆ ಕಾಫಿ ಬಂತು. ಚಿಕ್ಕಮಾದು ಕುರ್ಚಿಯಲ್ಲಿ ಕೂತು ಕುಡಿದ. ಜೀವನದಲ್ಲಿ ಮೊದಲ ಸಲ ಅರ್ಧ ಲೋಟ ಬಿಟ್ಟು ಆ ಕುರ್ಚಿಯಿಂದ ಎದ್ದ.

ಹೊಸ ಟ್ರ್ಯಾಕ್ಟರ್ ಬಂತು. ನಂಜುಂಡೇಶ್ವರನ ಗುಡಿಯ ಮುಂದೆ ಪೂಜೆ ಮಾಡಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಮರಿತಾಯಮ್ಮ ಬಾನೆಟ್ಟಿಗೆ ಕುಂಕುಮ ಹಚ್ಚಿ ಕಣ್ಣೊರೆಸಿಕೊಂಡಳು. ದಿವ್ಯ ಅಪ್ಪನನ್ನು ಸೀಟಿನ ಮೇಲೆ ಕೂರಿಸಿ ಫೋಟೋ ತೆಗೆದು ಎಲ್ಲರಿಗೂ ಕಳಿಸಿದಳು. ಮೂವತ್ತು ವರ್ಷದ ಆಸೆ ಕೈಗೆ ಬಂದ ದಿನ ಚಿಕ್ಕಮಾದು ಫೋಟೋದಲ್ಲಿ ನಗುತ್ತಲೇ ಇದ್ದ. ಯಾರಾದರೂ ಹತ್ತಿರದಿಂದ ನೋಡಿದ್ದರೆ ಅದು ನಗು ಅಲ್ಲ ಎಂದು ಗೊತ್ತಾಗುತ್ತಿತ್ತು.

ತಿಂಗಳಾದ ಮೇಲೆ ಒಂದು ಸಂಜೆ ಹುಚ್ಚಯ್ಯ ಸೋಸಲೆಗೆ ಬಂದ. ಕೈಯಲ್ಲಿ ಒಂದು ಚಿಪ್ಪು ರಸಬಾಳೆ. ದಿವ್ಯ ಆಗತಾನೇ ಬಸ್ಸಿಳಿದು ಬಂದು ಹೊಸ್ತಿಲ ಹತ್ತಿರ ಕೂತಿದ್ದಳು. ಹುಚ್ಚಯ್ಯನದು ಸ್ವಭಾವತಃ ದೊಡ್ಡ ಗಂಟಲು, ಹಾಗಾಗಿ ಚಿಕ್ಕಮಾದುವಿಗೆ ಅವನ ಮಾತು ಕೇಳುತ್ತಿತ್ತು.

"ತಗ ಮಾದಣ್ಣ, ನಿಂಗೇ ತಂದೆ. ಅವತ್ತು ನೀನ್ ಬಾಯ್ಬುಡ್ದೆ ಇದ್ದಿದ್ರೆ ನಾನ್ ಎರಡ್ನೇ ಸಲ ಆಳಾಗೋಯ್ತಿದ್ದೆ."

"ಯಾಕ್ಲಾ?"

"ಮಾದಣ್ಣ ತಗಳ್ದೆ ಇದ್ರೆ ನಂಗೇ ಕೊಡಿ, ಬಾಳೆ ಕೆಲ್ಸ ಮಾಡಿ ತೀರುಸ್ತೀನಿ ಅಂತ ಬೆಟ್ಟಸ್ವಾಮಣ್ಣೋರ್‍ನ ಕೇಳಾಣಾಂತ್ಲೇ ಅವತ್ತು ಬಂದಿದ್ದು. ನೀನು ಬೇರಿಂಗು ಅಂದೆ. ಬಾಯ್ ಮುಚ್ಕಂಡೆ."

ಚಿಕ್ಕಮಾದು ಬಾಳೆಯ ಚಿಪ್ಪನ್ನು ಪಕ್ಕಕ್ಕೆ ಇಟ್ಟ. "ಏನಾಯ್ತು ಆ ಗಾಡಿ?" ಎಂದು ಕೇಳಿದ.

"ನೀನ್ ಬ್ಯಾಡಂದ್ ಮ್ಯಾಲೆ ಈ ಕಡೆಯೋರ್ ಯಾರ್ ತಗಂಡಾರು? ಕೊಳ್ಳೇಗಾಲದೋನೊಬ್ಬ ಸಸ್ತಾಗ್ ಒಡ್ಕಂಡ್ ಓದ. ಮೊನ್ನೆ ಮೆಕ್ಯಾನಿಕ್ ಬಿಚ್ಚಿ ನೋಡುದ್ನಂತೆ, ಬೇರಿಂಗು ಒಸದ್ರಂಗದಂತೆ. ಅವ್ನ್ ಏನ್ ನೋಡುದ್ನೋ. ಇವತ್ತಲ್ಲ ನಾಳೆ ಓಯ್ತದೆ ಬುಡು. ನಿನ್ ಕಿವಿ ಸುಳ್ ಏಳಾಕಿಲ್ಲ."

ಬೈದಿದ್ದರೆ ಚಿಕ್ಕಮಾದು ತಡೆದುಕೊಳ್ಳುತ್ತಿದ್ದ. ಈ ನಂಬಿಕೆಯನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ. ಕೆಟ್ಟ ಗಾಡಿಯನ್ನು ಒಳ್ಳೆಯದು ಎಂದು ಕೊಡಿಸಿ ಒಂದು ಸಲ, ಒಳ್ಳೆಯ ಗಾಡಿಯನ್ನು ಕೆಟ್ಟದ್ದು ಎಂದು ತಪ್ಪಿಸಿ ಇನ್ನೊಂದು ಸಲ, ಒಬ್ಬನೇ ಮನುಷ್ಯನ ಅನ್ನವನ್ನು ಎರಡು ಸಲ ಕಿತ್ತುಕೊಂಡಿದ್ದ. ಅದೇ ಮನುಷ್ಯ ಬಾಳೆಹಣ್ಣು ತಂದು ಎದುರಿಗೆ ಕೂತಿದ್ದ.

"ಉಚ್ಚಯ್ಯ, ನಂಗೆ ಕಿವಿ ಕೇಳಾಕಿಲ್ಲ ಕಣಪ್ಪ" ಅಂದ. "ಎರಡ್ ವರ್ಷದಿಂದ್ಲೂ ಇಲ್ಲ ಅಂತ ಕಾಣ್ತದೆ. ನಿನ್ ಗಾಡಿ ದಿವ್ಸ ನಂಗೆ ಏನೂ ಕೇಳಿರ್ನಿಲ್ಲ, ಅವತ್ತು ಅದು ನಂಗೂ ಗೊತ್ತಿರ್ನಿಲ್ಲ. ಬೆಟ್ಟಸ್ವಾಮಣ್ಣೋರ್ ಗಾಡಿ ದಿವ್ಸ ಗೊತ್ತಿತ್ತು. ಗೊತ್ತಿದ್ದೂ ಸುಳ್ ಏಳ್ದೆ."

ದಿವ್ಯ ಕೂತಲ್ಲಿಂದ ಎದ್ದು ನಿಂತಳು. ಹುಚ್ಚಯ್ಯ ಅಂಗಳದಲ್ಲಿ ನಿಂತಿದ್ದ ಹೊಸ ಟ್ರ್ಯಾಕ್ಟರಿನ ಕಡೆ ಮುಖ ತಿರುಗಿಸಿ ಮಾತಾಡತೊಡಗಿದ. ಅವನ ದೊಡ್ಡ ಗಂಟಲು ಆಗ ಇಳಿದುಹೋಗಿತ್ತು. ಚಿಕ್ಕಮಾದುವಿಗೆ ಅವನ ಕೆನ್ನೆ ಆಡುವುದು ಕಾಣುತ್ತಿತ್ತು, ಕತ್ತಿನ ನರ ಕಾಣುತ್ತಿತ್ತು, ಮಾತು ಮಾತ್ರ ಬರಲಿಲ್ಲ. ಹುಚ್ಚಯ್ಯ ತುಂಬ ಹೊತ್ತು ಮಾತಾಡಿದ. ಎತ್ತುಗಳ ಹೆಸರು ಹೇಳಿದನೋ, ಬೈದನೋ, ಸಮಾಧಾನ ಮಾಡಿದನೋ. ನಡುವೆ ಒಂದು ಸಲ ಅಂಗೈಯಿಂದ ಮುಖ ಒರೆಸಿಕೊಂಡ. ಆಮೇಲೆ ಎದ್ದು, ಟವೆಲ್ ಹೆಗಲಿಗೆ ಹಾಕಿಕೊಂಡು, ತಿರುಗಿ ನೋಡದೆ ಬಸ್ ಸ್ಟಾಪಿನ ಕಡೆ ಹೊರಟುಹೋದ.

"ಏನಂದ?" ಎಂದು ಚಿಕ್ಕಮಾದು ಮಗಳನ್ನು ಕೇಳಿದ.

ದಿವ್ಯಳ ಕಣ್ಣು ತುಂಬಿತ್ತು. ಅವಳು ಅಪ್ಪನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಿವಿಯ ಹತ್ತಿರ ಬಾಯಿಟ್ಟು, ಜೋರಾಗಿ ಹೇಳಿದಳು.

"ಓಗ್ಲಿ ಬುಡು ಅಂದ್ರು ಅಪ್ಪ."

ಅಷ್ಟು ಹೊತ್ತು ಆಡಿದ ಮಾತು ಇಷ್ಟು ಚಿಕ್ಕದಾಗಿ ಇರಲಾರದು ಎಂದು ತಿಳಿಯುವುದಕ್ಕೆ ಕಿವಿ ಬೇಕಾಗಿರಲಿಲ್ಲ. ಚಿಕ್ಕಮಾದು ಬಾಳೆಯ ಚಿಪ್ಪನ್ನು ಎತ್ತಿ ಮಗಳ ಕೈಗೆ ಕೊಟ್ಟು, ಒಳಗೆ ಇಡು ಎಂದ.